ಮೆಕ್ಕಾ ಮಖಮಲ್ಲು: ವಿಜಯನಗರಕ್ಕೆ ಬಂದ ಒಂದು ರೇಷ್ಮೆಯ ಹೆಸರೂ ಹಾದಿಯೂ

ಕ್ರಿ.ಶ. 1567ರಲ್ಲಿ ವೆನಿಸ್ಸಿನ ವರ್ತಕನಾದ ಚೆಸಾರೆ ಫೆದೆರಿಚಿ ಗೋವೆಯಿಂದ ವಿಜಯನಗರಕ್ಕೆ ಬಂದನು. ರಕ್ಕಸತಂಗಡಿಯ ಕಾಳಗ ನಡೆದು ಎರಡು ವರ್ಷ ಕಳೆದಿತ್ತು. ಮುನ್ನೂರು ಅರಬ್ಬಿ ಕುದುರೆಗಳನ್ನು ಅರಸನಿಗೆ ಮಾರಲು ಒಯ್ಯುತ್ತಿದ್ದ ಇಬ್ಬರು ವರ್ತಕರ ಜೊತೆಗೂಡಿ ಆತ ಪಯಣ ಮಾಡಿದ್ದನು. ಒಂದು ತಿಂಗಳಿನಲ್ಲಿ ಮುಗಿಯಬಹುದಾಗಿದ್ದ ವ್ಯವಹಾರಕ್ಕೆ, ದಾರಿಗಳ್ಳರ ಭಯದಿಂದಾಗಿ, ಏಳು ತಿಂಗಳು ಅಲ್ಲಿಯೇ ತಂಗಬೇಕಾಯಿತು. ಮನೆಗಳು ನಿಂತಿದ್ದರೂ ಒಳಗೆ ಜನರಿಲ್ಲವೆಂದೂ ಹುಲಿ ಮೊದಲಾದ ಕಾಡುಮೃಗಗಳು ಅಲ್ಲಿ ಸೇರಿಕೊಂಡಿವೆಯೆಂಬ ವದಂತಿಯಿದೆಯೆಂದೂ ಆತ ಬರೆದುದನ್ನು ಹಂಪಿಯ ಚರಿತ್ರೆ ಬರೆದವರು ಮತ್ತೆ ಮತ್ತೆ ಎತ್ತಿಕೊಂಡಿದ್ದಾರೆ. ಅದೇ ಬರಹದ ಇನ್ನೊಂದು ಭಾಗ ಅಷ್ಟು ಪ್ರಸಿದ್ಧವಲ್ಲ. ಪ್ರತಿವರ್ಷ ಗೋವೆಯಿಂದ ವಿಜಯನಗರಕ್ಕೆ ಹೋಗುತ್ತಿದ್ದ ಸರಕುಗಳ ಪಟ್ಟಿ ಅದು. ಅರಬ್ಬಿ ಕುದುರೆ, ಮಖಮಲ್ಲು, ದಮಸ್ಕದ ಹೆಸರು ಹೊತ್ತ ಬುಟ್ಟಾ ರೇಷ್ಮೆ, ಸ್ಯಾಟಿನ್, ಪೋರ್ಚುಗಲ್ಲಿನ ತೆಳು ರೇಷ್ಮೆ, ಚೀನದ ಬಟ್ಟೆ, ಕೇಸರಿ, ಕಡುಗೆಂಪಿನ ಉಣ್ಣೆಬಟ್ಟೆ ಇವು ಅದರಲ್ಲಿವೆ. ಆಮೇಲೆ ಆ ಊರಿನ ಜನ ಉಡುತ್ತಿದ್ದ ಉಡುಪಿನ ಮಾತು ಬರುತ್ತದೆ. ತಂತಮ್ಮ ಅಂತಸ್ತಿಗೆ ತಕ್ಕಂತೆ ಮಖಮಲ್ಲನ್ನೋ ರೇಷ್ಮೆಯನ್ನೋ ಬಿಳಿಯ ಹತ್ತಿಯನ್ನೋ ತೊಡುತ್ತಿದ್ದರು. ತಲೆಗೆ ಮಖಮಲ್ಲು, ಸ್ಯಾಟಿನ್ ಮೊದಲಾದವುಗಳಿಂದ ಮಾಡಿದ ಉದ್ದನೆಯ ಟೊಪ್ಪಿಗೆ. ನಡುವಿಗೆ ಪಟ್ಟಿಯ ಬದಲು ನಯವಾದ ಬಿಳಿಯ ಅರಳೆಬಟ್ಟೆ. ಆ ಟೊಪ್ಪಿಗೆಯ ಹೆಸರನ್ನು ಫೆದೆರಿಚಿ ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡಿದ್ದಾನೆ: ಕೊಲಾಯೆ.

ಕನ್ನಡದ ಓದುಗನಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಲಾಯಿ ಅಥವಾ ಕುಲಾವಿ ಎಂಬ ರೂಪದಲ್ಲಿ ಅದು ಈಗಲೂ ಧಾರವಾಡ ಸೀಮೆಯ ಮನೆಗಳಲ್ಲಿದೆ. ಆದರೆ ಆ ಟೊಪ್ಪಿಗೆಯ ಬಟ್ಟೆಯೆಲ್ಲಿ? ಇಟಲಿಯ ಹದಿನೈದು, ಹದಿನಾರನೆಯ ಶತಮಾನದ ರೇಷ್ಮೆ ಮಖಮಲ್ಲು ಇಂದು ಜಗತ್ತಿನ ಸಂಗ್ರಾಹಕರು ಬಹಳವಾಗಿ ಅರಸುವ ವಸ್ತುಗಳಲ್ಲೊಂದು. ಫ್ಲಾರೆನ್ಸ್, ಪ್ರಾಟೊ, ಲಂಡನ್ ನಗರಗಳ ಸಂಗ್ರಹಾಲಯಗಳಲ್ಲಿ ಅದರ ತುಣುಕುಗಳು ಗಾಜಿನ ಕೆಳಗೆ, ಮಂದ ಬೆಳಕಿನಲ್ಲಿ ಮಲಗಿವೆ. ವರ್ಷ ವರ್ಷವೂ ಕುದುರೆಗಳೊಡನೆ ಮಖಮಲ್ಲನ್ನು ತರಿಸಿಕೊಂಡ ವಿಜಯನಗರದ ಉಡುಗೆಯ ಚರಿತ್ರೆಯನ್ನಾದರೋ ಪ್ರವಾಸಿಗರ ಮಾತು, ಭಿತ್ತಿಚಿತ್ರಗಳ ಮಾಸಿದ ಬಣ್ಣ, ಕನ್ನಡ ತೆಲುಗುಗಳ ಕೆಲವು ಶಬ್ದ ಇವುಗಳಿಂದಲೇ ಕಟ್ಟಬೇಕಾಗಿದೆ. ಇಂಥ ಸಾಮಗ್ರಿಯಿಂದ ಎಷ್ಟನ್ನು ಹೇಳಬಹುದು, ಎಷ್ಟನ್ನು ಹೇಳಬಾರದು ಎಂಬುದು ಚರಿತ್ರೆಯ ವಿದ್ಯಾರ್ಥಿಗೆ ನಿಜವಾದ ಪ್ರಶ್ನೆ.

ಮೊದಲು ನೇಯ್ಗೆಯನ್ನು ತಿಳಿಯಬೇಕು. ಬೆಲೆಯ ಗುಟ್ಟು ಅಲ್ಲಿದೆ. ಸಾಮಾನ್ಯ ಬಟ್ಟೆಗೆ ಒಂದು ಹಾಸು, ಒಂದು ಹೊಕ್ಕು ಸಾಕು. ಮಖಮಲ್ಲಿಗೆ ಎರಡು ಹಾಸು ಬೇಕು. ಒಂದು ಬಟ್ಟೆಯ ತಳವನ್ನು ಕಟ್ಟುತ್ತದೆ. ಇನ್ನೊಂದನ್ನು ಮಗ್ಗದ ಮೇಲೆ ಸಣ್ಣ ಲೋಹದ ಕಡ್ಡಿಗಳ ಮೇಲಿಂದ ಹಾಯಿಸಿ ಕುಣಿಕೆಗಳನ್ನಾಗಿ ಎಬ್ಬಿಸುತ್ತಾರೆ; ಆ ಕುಣಿಕೆಗಳನ್ನು ಹರಿತವಾದ ಅಲಗಿನಿಂದ ಸೀಳಿದಾಗ ನೂಲಿನ ತುದಿಗಳು ನಿಮಿರಿ ನವಿರಾಗುತ್ತವೆ. ನವಿರಿನ ಹಾಸಿಗೆ ತಳದ ಹಾಸಿಗಿಂತ ಹಲವು ಪಟ್ಟು ಉದ್ದದ ರೇಷ್ಮೆ ಖರ್ಚಾಗುತ್ತದೆ. ವಿನ್ಯಾಸವಿರುವ ಮಖಮಲ್ಲಾದರೆ ಕೆಲವು ಕುಣಿಕೆಗಳನ್ನು ಸೀಳದೆ ಬಿಟ್ಟು, ಕೆಲವನ್ನು ಸೀಳಿ, ಒಂದೇ ಬಣ್ಣದಲ್ಲಿ ಎರಡು ಎತ್ತರಗಳನ್ನು ತೋರಿಸುತ್ತಾರೆ. ಬೆಳಕು ಬಿದ್ದಾಗ ಹೂವು ನೆಲದಿಂದ ಬೇರೆಯಾಗಿ ಕಾಣುತ್ತದೆ. 1875ರಲ್ಲಿ ವೆನಿಸ್ಸಿನಲ್ಲಿ ಆರಂಭವಾದ ಬೆವಿಲಾಕ್ವಾ ನೇಯ್ಗೆಮನೆಯಲ್ಲಿ ಇಂಥ ಬಟ್ಟೆಯನ್ನು ಹಳೆಯ ಕೈಮಗ್ಗಗಳ ಮೇಲೆ ಇಂದಿಗೂ ನೇಯುತ್ತಾರೆ. ಒಬ್ಬ ನೇಕಾರಳ ಇಡೀ ದಿನದ ದುಡಿಮೆ ಒಂದು ಗೇಣಿಗಿಂತ ಹೆಚ್ಚೇನೂ ಆಗುವುದಿಲ್ಲ.

ಈ ವಿದ್ಯೆ ಇಟಲಿಯಲ್ಲಿ ಲುಕ್ಕಾ ಎಂಬ ಸಣ್ಣ ಊರಿನಿಂದ ಹಬ್ಬಿತು. 1314ರಲ್ಲಿ ಆ ಊರು ಕೊಳ್ಳೆಹೋದಾಗ ಅಲ್ಲಿಯ ರೇಷ್ಮೆ ನೇಕಾರರು ವೆನಿಸ್, ಫ್ಲಾರೆನ್ಸ್ ಮೊದಲಾದ ಕಡೆಗೆ ಚದುರಿದರು. ಮುಂದಿನ ಎರಡು ಶತಮಾನಗಳಲ್ಲಿ ವೆನಿಸ್, ಫ್ಲಾರೆನ್ಸ್, ಜೆನೋವಾ, ಮಿಲಾನ್ ನಗರಗಳು ಪರಸ್ಪರ ಪೈಪೋಟಿಯಿಂದ ನೇಯ್ದವು. ಅತ್ಯಂತ ಬೆಲೆಯ ಬಣ್ಣ ಕೆಂಪು. ಓಕ್ ಮರದ ಮೇಲೆ ಬದುಕುವ ಕೆರ್ಮೆಸ್ ಎಂಬ ಕೀಟದ ಒಣಗಿಸಿದ ಒಡಲಿನಿಂದ ಅದನ್ನು ತೆಗೆಯುತ್ತಿದ್ದರು. ಹದಿನಾರನೆಯ ಶತಮಾನದ ನಡುವಿಗೆ ಮೆಕ್ಸಿಕೋದಿಂದ ಬಂದ ಮತ್ತೊಂದು ಕೀಟ ಅದರ ಸ್ಥಾನವನ್ನು ಹಿಡಿಯಿತು. ನೂಲು ಒಂದು ಹುಳುವಿನದು, ಬಣ್ಣ ಇನ್ನೊಂದು ಹುಳುವಿನದು. ಕನ್ನಡದ ಹಳೆಯ ಕವಿಗಳು ಮಳೆಗಾಲದ ವರ್ಣನೆಯಲ್ಲಿ ತರುವ ಇಂದ್ರಗೋಪ ಇಲ್ಲಿ ನೆನಪಿಗೆ ಬರುವುದು ಸಹಜ. ಮೊದಲ ಮಳೆಗೆ ನೆಲದಿಂದೆದ್ದು ಹಸಿರಿನ ಮೇಲೆ ಹರಿದಾಡುವ ಆ ಕೆಂಪು ಹುಳುವಿನ ಮೈಯಲ್ಲಿ, ಮಖಮಲ್ಲೆಂಬ ಶಬ್ದ ಈ ನಾಡಿಗೆ ಬರುವ ಮುನ್ನವೇ ಮಖಮಲ್ಲು ಇತ್ತು.

ಕನ್ನಡನಾಡಿನ ಅರಮನೆಗೆ ಪರದೇಶದ ಬಟ್ಟೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗವೆಂಬ ಪ್ರಕರಣವೇ ಇದೆ. ಮಹಾಚೀನ, ಕಳಿಂಗ, ವಂಗ, ನಾಗಪಟ್ಟಣ ಮೊದಲಾದ ದೇಶ ಊರುಗಳಿಂದ ಬಂದ ವಸ್ತ್ರಗಳನ್ನು ಅಲ್ಲಿ ಹೆಸರಿಸಲಾಗಿದೆ. ಒಂದು ರೀತಿಯಲ್ಲಿ ಅದು ಪದ್ಯರೂಪದ ವಸ್ತ್ರಸಂಗ್ರಹ. ಬಟ್ಟೆಯನ್ನು ಅದು ಹುಟ್ಟಿದ ಊರಿನಿಂದ ಗುರುತಿಸುವ ರೂಢಿ ಅಲ್ಲಿ ಸ್ಪಷ್ಟವಾಗಿದೆ. ವಿಜಯನಗರದ ಕಾಲಕ್ಕೆ ಬಂದಾಗ ಈ ರೂಢಿ ಸ್ವಲ್ಪ ತೊಡಕಿನದಾಗುತ್ತದೆ. ಆ ತೊಡಕಿನಲ್ಲಿಯೇ ಈ ವಿಷಯದ ಸ್ವಾರಸ್ಯವಿದೆ.

ಕೃಷ್ಣದೇವರಾಯನ ಆಸ್ಥಾನವನ್ನು 1520ರಿಂದ 1522ರ ನಡುವೆ ಕಂಡ ಪೋರ್ಚುಗೀಸ ದೊಮಿಂಗೊ ಪಾಯೆಸ್ ಮಹಾನವಮಿಯ ಕೊನೆಯಲ್ಲಿ ನಡೆದ ಸೈನ್ಯದ ಮೆರವಣಿಗೆಯನ್ನು ವಿಸ್ತಾರವಾಗಿ ವರ್ಣಿಸುತ್ತಾನೆ. ಕುದುರೆಗಳ ಹಣೆಗೆ ಬೆಳ್ಳಿಯ ಹಾಗೂ ಚಿನ್ನದ ಮುಲಾಮಿನ ತಗಡು, ಬಣ್ಣಬಣ್ಣದ ರೇಷ್ಮೆಯ ಹುರಿಗಳ ಗೊಂಡೆ. ಕೆಲವು ಕುದುರೆಗಳ ಮೈಗೆ ಚೀನ, ಪಾರಸಿ ದೇಶಗಳ ಜರತಾರಿ. ಇನ್ನು ಕೆಲವಕ್ಕೆ ಮೆಕ್ಕಾದ ಮಖಮಲ್ಲು. ಈ ಹೆಸರು ತನ್ನ ಓದುಗರಿಗೆ ತಿಳಿಯದೇ ಹೋದೀತೆಂದು ಪಾಯೆಸನೇ ಅದು ಹಲವು ಬಣ್ಣಗಳ ಮಖಮಲ್ಲೆಂದು ವಿವರಣೆ ಕೊಡುತ್ತಾನೆ. ಪಟ್ಟಣದಿಂದ ಒಂದು ಹರಿದಾರಿ ದೂರದಲ್ಲಿ ಅರಸನು ಡೇರೆಯನ್ನು ಹಾಕಿಸಿದ್ದನು. ಹಬ್ಬವು ಯಾವ ದೇವರ ಹೆಸರಿನಲ್ಲಿ ನಡೆಯುತ್ತಿತ್ತೋ ಆ ದೇವರ ಮೂರ್ತಿಯನ್ನು ಅದರಲ್ಲಿ ಇರಿಸಿದ್ದರು. ಆ ಡೇರೆಯೂ ಮೆಕ್ಕಾದ ಮಖಮಲ್ಲಿನದೇ.

ಮಹಾನವಮಿಯ ದೇವರಿಗೆ ಮೆಕ್ಕಾದ ಹೆಸರಿನ ಬಟ್ಟೆಯ ಗುಡಾರ! ಇಂದಿನ ಓದುಗನಿಗೆ ಸೋಜಿಗವೆನಿಸುವ ಈ ಸಂಗತಿ ಅಂದು ಯಾರಿಗೂ ಸೋಜಿಗವೆನಿಸಿದಂತೆ ಕಾಣದು. ಬಟ್ಟೆಗೆ ಆ ಹೆಸರು ಬಂದುದು ಮತದಿಂದಲ್ಲ, ಹಾದಿಯಿಂದ. ಮೆಕ್ಕಾ ಪಟ್ಟಣದಲ್ಲಿ ಮಖಮಲ್ಲಿನ ಮಗ್ಗಗಳ ಪ್ರಸಿದ್ಧಿಯೇನೂ ಇರಲಿಲ್ಲ. ಮೆಕ್ಕಾದ ಬಂದರಾದ ಜಿದ್ದಾದಿಂದ ಹೊರಟು, ಕೆಂಪು ಸಮುದ್ರವನ್ನು ದಾಟಿ ಬರುತ್ತಿದ್ದ ಹಡಗುಗಳ ಸರಕಿಗೆಲ್ಲ ಪೋರ್ಚುಗೀಸರು ಮೆಕ್ಕಾದ ಸರಕೆಂದು ಹೇಳುತ್ತಿದ್ದರು. 1516ರ ಸುಮಾರಿಗೆ ಬರೆದ ದುವಾರ್ತೆ ಬರ್ಬೋಸನು ಆ ಹಡಗುಗಳು ಮಲಬಾರಿನ ಕಲ್ಲಿಕೋಟೆಗೆ ತರುತ್ತಿದ್ದ ವಸ್ತುಗಳನ್ನು ಎಣಿಸುತ್ತಾನೆ: ತಾಮ್ರ, ಪಾದರಸ, ಇಂಗುಲಿಕ, ಹವಳ, ಕೇಸರಿ, ಬಣ್ಣದ ಮಖಮಲ್ಲು, ಪನ್ನೀರು, ಚಾಕು, ಚಿನ್ನ, ಬೆಳ್ಳಿ. ಈ ಪಟ್ಟಿಯ ಹವಳ, ಪಾದರಸ ಮೊದಲಾದವು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ಸುತ್ತಿನವು. ಅವು ವೆನಿಸ್ಸಿನ ಹಡಗುಗಳಲ್ಲಿ ಈಜಿಪ್ತದ ಅಲೆಗ್ಸಾಂಡ್ರಿಯಾಕ್ಕೆ ಬಂದು, ಕೈರೋ ದಾಟಿ, ಕೆಂಪು ಸಮುದ್ರಕ್ಕೆ ಇಳಿಯುತ್ತಿದ್ದವು. ವಿಜಯನಗರದಲ್ಲಿ ಚೀನದ ಜರತಾರಿಯ ಜೊತೆಗೆ ಅಲೆಗ್ಸಾಂಡ್ರಿಯಾದ ಜರತಾರಿಯೂ ಮಾರಾಟವಾಗುತ್ತಿತ್ತೆಂದು ಅದೇ ಬರ್ಬೋಸನು ಬೇರೊಂದೆಡೆ ಹೇಳಿರುವುದು ಇದಕ್ಕೆ ಪೋಷಕವಾಗಿದೆ.

ವಸ್ತುವಿಗೆ ಅದನ್ನು ತಂದವರ ಹೆಸರು ಅಂಟುವುದು ಕನ್ನಡಿಗರಿಗೆ ಅಪರಿಚಿತವಲ್ಲ. ಅಮೆರಿಕದ ಒಂದು ಹಣ್ಣು ಪೋರ್ಚುಗೀಸರ ಹಡಗಿನಲ್ಲಿ ಬಂದ ಕಾರಣಕ್ಕೆ ಪರಂಗಿ ಹಣ್ಣಾಯಿತು. ಮೆಕ್ಕಾ ಮಖಮಲ್ಲಿನ ಕಥೆಯೂ ಅದೇ.

ಹಾಗಾದರೆ ಕೃಷ್ಣದೇವರಾಯನ ಕುದುರೆಗಳ ಮೈಮೇಲಿದ್ದುದು ಇಟಲಿಯ ಮಖಮಲ್ಲೇ? ಹೌದೆಂದು ಹೇಳಿಬಿಡುವ ಆಸೆ ಬಲವಾಗಿದೆ. ಆದರೆ ಆಧಾರ ಅಷ್ಟು ದೂರ ಹೋಗುವುದಿಲ್ಲ. ತುರ್ಕಿಯ ಬುರ್ಸಾ ನಗರವೂ ಆ ಕಾಲದಲ್ಲಿ ಮಖಮಲ್ಲನ್ನು ನೇಯುತ್ತಿತ್ತು. ಬುರ್ಸಾದ ನೇಕಾರರು ವೆನಿಸ್ಸಿನ ವಿನ್ಯಾಸವನ್ನು ಅನುಸರಿಸುತ್ತಿದ್ದರು, ವೆನಿಸ್ಸಿನವರು ತುರ್ಕರ ಅಭಿರುಚಿಗೆ ತಕ್ಕಂತೆ ನೇಯ್ದು ಅವರಿಗೇ ಮಾರುತ್ತಿದ್ದರು. ಬಟ್ಟೆ ಕೈಯಲ್ಲಿದ್ದಾಗಲೂ ಎಷ್ಟೋ ಸಲ ಅದರ ಮಗ್ಗವನ್ನು ಗುರುತಿಸಲು ತಜ್ಞರು ನೂಲಿನ ಹುರಿ, ಅಂಚಿನ ಗೆರೆಗಳನ್ನು ಪರೀಕ್ಷಿಸಬೇಕಾಗುತ್ತದೆ. ಬಟ್ಟೆಯೇ ಇಲ್ಲದೆ ಬರಿಯ ಹೆಸರಿನ ಮೇಲೆ ತೀರ್ಪು ಕೊಡುವುದು ದುಡುಕು. ಫೆದೆರಿಚಿಯ ಪಟ್ಟಿಯಲ್ಲಿಯೂ ಇದೇ ಎಚ್ಚರಿಕೆ ಬೇಕು. ಅವನೇ ವೆನಿಸ್ಸಿನವನು, ಆದರೂ ಆ ಪಟ್ಟಿಯಲ್ಲಿ ಪೋರ್ಚುಗಲ್ಲಿನ ಹೆಸರಿದೆ, ಚೀನದ ಹೆಸರಿದೆ, ವೆನಿಸ್ಸಿನ ಹೆಸರಿಲ್ಲ. ಅವನ ಕಾಲಕ್ಕೆ ಲಿಸ್ಬನ್ನಿನಿಂದ ಆಫ್ರಿಕವನ್ನು ಸುತ್ತಿ ಗೋವೆಗೆ ಬರುತ್ತಿದ್ದ ರೇಷ್ಮೆಯಲ್ಲಿ ಇಟಲಿಯದೂ ಸ್ಪೇನಿನದೂ ಬೆರೆತಿದ್ದವು. ಇಟಲಿಯ ಮಗ್ಗಗಳ ಮಾಲು ಎರಡು ಹಾದಿಗಳಿಂದಲೂ ಬರುತ್ತಿತ್ತು, ಅದರೊಂದಿಗೆ ಬೇರೆಯವೂ ಬರುತ್ತಿದ್ದವು. ಇಷ್ಟನ್ನು ಹೇಳಿ ನಿಲ್ಲುವುದೇ ಸರಿ.

ಇನ್ನು ಈ ಬಟ್ಟೆಯ ಬಳಕೆ. ಪಾಯೆಸ್ ಕಂಡ ಕೃಷ್ಣದೇವರಾಯನು ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ವಸ್ತ್ರವನ್ನು ಉಟ್ಟಿದ್ದನು. ಕೊರಳಲ್ಲಿ ವಜ್ರದ ಪದಕ, ತಲೆಯ ಮೇಲೆ ಜರತಾರಿಯ ಟೊಪ್ಪಿಗೆ, ಕಾಲು ಬರಿಗಾಲು. ಅದಕ್ಕೂ ಹದಿನೈದು ವರ್ಷ ಮೊದಲು ಬಂದಿದ್ದ ಬೊಲೋನ್ಯದ ಲುದೊವಿಕೊ ದಿ ವರ್ತೆಮ ಕೂಡ ಅರಸನ ಎರಡು ಗೇಣುದ್ದದ ಜರತಾರಿ ಟೊಪ್ಪಿಗೆಯನ್ನು ಗಮನಿಸಿದ್ದಾನೆ. ಅರಸನ ಕುದುರೆಯ ಅಲಂಕಾರದ ಬೆಲೆ ಇಟಲಿಯ ಕೆಲವು ಪಟ್ಟಣಗಳ ಬೆಲೆಯನ್ನು ಮೀರುತ್ತದೆಂದು ಬೆರಗುಪಟ್ಟಿದ್ದಾನೆ. ತುಂಗಭದ್ರೆಯ ಬಿಸಿಲಿಗೆ ಹತ್ತಿಯೇ ಹಿತವೆಂಬುದನ್ನು ಬಲ್ಲ ಜನ ಅವರು. ಪಾಯೆಸನ ವರ್ಣನೆಯಲ್ಲಿ ಮಖಮಲ್ಲು ಕುದುರೆಯ ಮೈಮೇಲೆ, ದೇವರ ಗುಡಾರದ ಮೇಲೆ ಕಾಣುತ್ತದೆ. ಫೆದೆರಿಚಿಯ ಕಾಲಕ್ಕೆ ಸಿರಿವಂತರ ತಲೆಯ ಮೇಲೂ ಮೈಮೇಲೂ ಬಂದಿದೆ, ಆದರೆ ನಡುವಿಗೆ ಸುತ್ತಿದ್ದು ಈ ನೆಲದ ಬಿಳಿಯ ಅರಳೆಯನ್ನೇ.

ಟೊಪ್ಪಿಗೆಯ ವಿಷಯ ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೆ ಕಾರಣಕ್ಕೆ ಮುಖ್ಯವಾದುದು. ತೆಲುಗು ಕವಿ ಶ್ರೀನಾಥನು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದಾಗ ಕುಳ್ಳಾಯಿಯನ್ನು ಧರಿಸಿ ನಿಲುವಂಗಿಯನ್ನು ತೊಡಬೇಕಾಯಿತೆಂದು ಗೊಣಗುವ ಚಾಟುಪದ್ಯವೊಂದು ಅವನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಕುಳ್ಳಾಯಿ ಪಾರಸಿಯ ಕುಲಾಹ್ ಎಂಬುದರಿಂದಲೂ, ಜೊತೆಯ ಅಂಗಿಯಾದ ಕಬಾಯಿ ಅರಬ್ಬಿಯ ಕಬಾ ಎಂಬುದರಿಂದಲೂ ಬಂದವು. ಪಾಯೆಸನ ಜೊತೆಗಾರ ಕ್ರಿಸ್ತೋವಾಂವ್ ದೆ ಫಿಗೆರೆದೊನಿಗೆ ಕೃಷ್ಣದೇವರಾಯನು ಜರತಾರಿಯ ಕಬಾಯಿಯನ್ನೂ ತನ್ನ ತಲೆಯ ಮೇಲಿದ್ದಂಥದೇ ಟೊಪ್ಪಿಗೆಯನ್ನೂ ಕೊಟ್ಟನು. ಸ್ನೇಹದ ಗುರುತಾಗಿ ಉಡುಗೊರೆ ಕೊಡುವುದು ಈ ಅರಸರ ಪದ್ಧತಿಯೆಂದು ಪಾಯೆಸ್ ಬರೆಯುತ್ತಾನೆ. ಉಡುಗೊರೆಯೆಂಬ ಕನ್ನಡ ಮಾತಿನೊಳಗೆ ಉಡುಗೆ ಅಡಗಿರುವುದನ್ನು ಅವನು ತಿಳಿದಿರಲಾರ. ಹಿಂದೂರಾಯ ಸುರತ್ರಾಣರೆಂದು ಕರೆದುಕೊಂಡ ವಿಜಯನಗರದ ಅರಸರ ಈ ಉಡುಪನ್ನು ಕುರಿತು ಫಿಲಿಪ್ ವಾಗನರ್ ಅವರು 1996ರಲ್ಲಿ ಪ್ರಕಟಿಸಿದ ಲೇಖನ ಈಗ ಈ ಚರ್ಚೆಯ ತಳಹದಿಯಾಗಿದೆ. ವಿದೇಶದ ರಾಜಸಭೆಗಳ ನಡುವೆ ಸರಿಸಮರಾಗಿ ಕಾಣಿಸಿಕೊಳ್ಳುವುದಕ್ಕೆ ಬೇಕಾದ ಉಡುಪು ಅದು; ಮತಾಂತರದ ಕುರುಹಲ್ಲ, ಸೋಲಿನ ಕುರುಹೂ ಅಲ್ಲ. ಲೇಪಾಕ್ಷಿಯ ಮೇಲ್ಛಾವಣಿಯ ಚಿತ್ರಗಳಲ್ಲಿ ಎತ್ತರದ ಟೊಪ್ಪಿಗೆ ತೊಟ್ಟು ಸಾಲಾಗಿ ನಿಂತ ಗಂಡಸರನ್ನು ನೋಡುವಾಗ ಈ ಮಾತು ಮನವರಿಕೆಯಾಗುತ್ತದೆ.

ಇಷ್ಟೆಲ್ಲಕ್ಕೂ ಬೆಲೆ ತೆತ್ತವರು ಯಾರು? 1547ರ ಸೆಪ್ಟೆಂಬರಿನಲ್ಲಿ ಗೋವೆಯ ಜೊವಾಂವ್ ದೆ ಕಾಸ್ತ್ರೋ ಮತ್ತು ವಿಜಯನಗರದ ನಡುವೆ ಆದ ಒಪ್ಪಂದ ಇದಕ್ಕೆ ಉತ್ತರವನ್ನು ಹೇಳುತ್ತದೆ. ವಿಜಯನಗರದ ಬಟ್ಟೆಯೆಲ್ಲ ಆದಿಲಶಾಹಿಯ ಬಂದರುಗಳಿಗೆ ಹೋಗದೆ ಅಂಕೋಲೆಗೂ ಹೊನ್ನಾವರಕ್ಕೂ ಬರಬೇಕು. ಪೋರ್ಚುಗೀಸ ವರ್ತಕರು ಅಲ್ಲಿಗೆ ಹೋಗಿ ಅದನ್ನು ಕೊಂಡು, ಬದಲಿಗೆ ತಾಮ್ರ, ಹವಳ, ಇಂಗುಲಿಕ, ಪಾದರಸ, ಚೀನದ ರೇಷ್ಮೆ ಮತ್ತು ಪೋರ್ಚುಗಲ್ಲಿನಿಂದ ಬಂದ ಬೇರೆಲ್ಲ ಸರಕನ್ನು ಕೊಡಬೇಕು. ಬಯಲುಸೀಮೆಯ ನೇಕಾರನ ಹತ್ತಿಯ ಬಟ್ಟೆ ಘಟ್ಟ ಇಳಿದಾಗ, ಯುರೋಪಿನ ರೇಷ್ಮೆ ಘಟ್ಟ ಹತ್ತುತ್ತಿತ್ತು. ಫೆದೆರಿಚಿ ಹೇಳುವಂತೆ ಹಿಂದಕ್ಕೆ ಹೋಗುತ್ತಿದ್ದ ಸರಕಿನಲ್ಲಿ ರತ್ನಗಳೂ ವರಹಗಳೂ ಇದ್ದವು. ನೇಕಾರನ ಪಾಲನ್ನು ಮಾತ್ರ ಪ್ರವಾಸಿಗರು ಅಷ್ಟಾಗಿ ಗಮನಿಸಲಿಲ್ಲ.

ಘಟ್ಟದ ಮೇಲೆ ಈ ವ್ಯಾಪಾರದಲ್ಲಿ ಪಾಲಿದ್ದ ಊರುಗಳಲ್ಲಿ ಬಂಕಾಪುರವೂ ಒಂದು. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಶಿಗ್ಗಾಂವಿಯನ್ನು ದಾಟಿದರೆ ಸಿಗುವ, 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಈ ಪಟ್ಟಣ ಜೈನಸಾಹಿತ್ಯದ ಓದುಗರಿಗೆ ಚಿರಪರಿಚಿತ: ಗುಣಭದ್ರಾಚಾರ್ಯರ ಉತ್ತರಪುರಾಣ ಪೂಜೆಗೊಂಡ ಊರು, ರನ್ನನ ಗುರು ಅಜಿತಸೇನಾಚಾರ್ಯರ ಊರು. ಆಲ್ಬುಕರ್ಕನು ಗೋವೆಯನ್ನು ಹಿಡಿದ ಮೇಲೆ ಬಂಕಾಪುರದ ನಾಯಕನು ದೂತರನ್ನು ಕಳುಹಿಸಿ, ವರ್ಷಕ್ಕೆ ಮುನ್ನೂರು ಕುದುರೆಗಳನ್ನು ಕೊಳ್ಳಲು ಅಪ್ಪಣೆ ಬೇಡಿದನೆಂದು ಪೋರ್ಚುಗೀಸ ದಾಖಲೆಗಳು ಹೇಳುತ್ತವೆ. ಗೋವೆಯ ಕುದುರೆಯ ಜೊತೆಗೆ ಮಖಮಲ್ಲೂ ನಡೆಯುತ್ತಿತ್ತೆಂಬುದನ್ನು ಫೆದೆರಿಚಿಯ ಪಟ್ಟಿಯಲ್ಲಿ ಕಂಡಾಯಿತು. ಇದೇ ಸೀಮೆಯ ಬಾಡದಲ್ಲಿ ಹುಟ್ಟಿ, ಸಂಪ್ರದಾಯದ ಪ್ರಕಾರ ಬಂಕಾಪುರದ ದಣ್ಣಾಯಕರಾಗಿದ್ದ ಕನಕದಾಸರು ಮೋಹನತರಂಗಿಣಿಯಲ್ಲಿ ದ್ವಾರಾವತಿಯ ಪೇಟೆಯನ್ನು ವರ್ಣಿಸಿದಾಗ ವಿಜಯನಗರವೇ ಕಣ್ಣಮುಂದೆ ನಿಲ್ಲುತ್ತದೆಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆ ಕಾವ್ಯವನ್ನು ರಾಜಧಾನಿಯ ವೈಭವದ ಕನ್ನಡಿಯಾಗಿ ಓದುವುದು ವಾಡಿಕೆ. ಕರಾವಳಿಗೂ ರಾಜಧಾನಿಗೂ ನಡುವಿನ ಸೀಮೆಯಲ್ಲಿ ಬಾಳಿದವರ ಕಾವ್ಯವಾಗಿ ಓದಿದರೆ ಆ ಪೇಟೆಯ ವಿವರಗಳಿಗೆ ಬೇರೊಂದು ತೂಕ ಬರುತ್ತದೆ.

ಈ ವ್ಯಾಪಾರದ ಕೊನೆಯನ್ನೂ ಫೆದೆರಿಚಿಯೇ ದಾಖಲಿಸಿದ್ದಾನೆ. ಸೋತ ಮೇಲೆ ಸೈನ್ಯವನ್ನು ಮತ್ತೆ ಕಟ್ಟಬೇಕಾಗಿದ್ದ ತಿರುಮಲರಾಯನು ಕುದುರೆಯ ವರ್ತಕರಿಗೆ ಒಳ್ಳೆಯ ಬೆಲೆಯ ಆಸೆ ತೋರಿಸಿ ಕರೆಸಿಕೊಂಡನು. ಕುದುರೆಗಳು ಕೈಸೇರಿದ ಮೇಲೆ ಏನನ್ನೂ ಕೊಡದೆ ಅವರನ್ನು ಹೊರಡಿಸಿಬಿಟ್ಟನು, ವರ್ತಕರು ಹುಚ್ಚರಂತಾದರು. ಫೆದೆರಿಚಿ ತಾನೂ ಜುಲೈ ತಿಂಗಳ ಮಳೆಯಲ್ಲಿ ಎತ್ತಿನ ಮೇಲೆ ಹೊರಟನು. ಬೇಸಗೆಯಲ್ಲಿ ಗೋವೆಗೆ ಎಂಟು ದಿನದ ದಾರಿ. ಅವನಿಗೆ ಅಂಕೋಲೆಯನ್ನು ಮುಟ್ಟಲು ಹದಿನೈದು ದಿನ ಹಿಡಿಯಿತು. ಬುತ್ತಿ ಹೊತ್ತ ಎತ್ತು ಬಳಲಿ ನಿಂತಿತು. ಇನ್ನೊಂದು ಎತ್ತು ಹೊಳೆಯ ನಡುವಿನ ನಡುಗಡ್ಡೆಯನ್ನು ಸೇರಿ, ಹುಲ್ಲು ಮೇಯುತ್ತ ಅಲ್ಲಿಯೇ ಉಳಿದುಬಿಟ್ಟಿತು. ಏಳು ದಿನ ಅವನು ಕಾಲ್ನಡಿಗೆಯಲ್ಲಿ ಸಾಗಿದನು. 1570ರ ದಶಕದಲ್ಲಿ ಬಂಕಾಪುರವೂ ಧಾರವಾಡವೂ ಆದಿಲಶಾಹಿಯ ವಶವಾದವು.

ಇನ್ನು ಸಂಗ್ರಹದ ಮಾತು. ವಿಜಯನಗರದವರು ಬಟ್ಟೆಯನ್ನು ಸಂಗ್ರಹಿಸಲಿಲ್ಲವೆಂದು ಯಾರಾದರೂ ಹೇಳಿದರೆ ಅದು ತಪ್ಪು. 1535ರ ಸುಮಾರಿಗೆ ಅಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾಂವ್ ನುನಿಜ್ ಒಂದು ಅಪೂರ್ವವಾದ ಸಂಗತಿಯನ್ನು ತಿಳಿಸುತ್ತಾನೆ. ಅರಸನು ಒಮ್ಮೆ ಉಟ್ಟ ಬಟ್ಟೆಯನ್ನು ಮತ್ತೆ ಉಡುವುದಿಲ್ಲ. ಕಳಚಿದ ಕೂಡಲೇ ಅದಕ್ಕೆಂದೇ ನೇಮಕವಾದ ಅಧಿಕಾರಿಗಳಿಗೆ ಒಪ್ಪಿಸುತ್ತಾನೆ. ಅವರು ಅದರ ಲೆಕ್ಕವನ್ನು ಒಪ್ಪಿಸಬೇಕು. ಆ ಬಟ್ಟೆಗಳನ್ನು ಯಾರಿಗೂ ಕೊಡುವಂತಿಲ್ಲ. ಜರತಾರಿಯ ಟೊಪ್ಪಿಗೆಗೂ ಇದೇ ನಿಯಮ. ಒಂದೊಂದರ ಬೆಲೆ ಇಪ್ಪತ್ತು ಕ್ರುಜಾದೊ. ನುನಿಜನೂ ಆ ಟೊಪ್ಪಿಗೆಗಳನ್ನು ಕುಲಾಯೆಗಳೆಂದೇ ಕರೆದಿದ್ದಾನೆ. ಎಂದರೆ ಅರಮನೆಯಲ್ಲಿ ಒಂದು ಉಡುಗೆಯ ಉಗ್ರಾಣವಿತ್ತು, ಅದಕ್ಕೆ ಕಾವಲಿತ್ತು, ಲೆಕ್ಕಪತ್ರವಿತ್ತು. ಸಂಗ್ರಹಾಲಯವೆಂಬುದಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ಇಸ್ತಾಂಬುಲದ ತೋಪ್‌ಕಾಪಿ ಅರಮನೆಯಲ್ಲಿಯೂ ಸುಲ್ತಾನರು ತೀರಿಕೊಂಡಾಗ ಅವರ ಉಡುಪುಗಳನ್ನು ಗಂಟುಕಟ್ಟಿ ಹೆಸರು ಬರೆದು ಇಡುತ್ತಿದ್ದರು. ಆ ಗಂಟುಗಳು ಉಳಿದುವು. ಅವುಗಳೊಳಗೆ ಇಟಲಿಯ ಮಖಮಲ್ಲಿನ ನಿಲುವಂಗಿಗಳೂ ಇದ್ದುವು. ವಿಜಯನಗರದ ಉಗ್ರಾಣ 1565ರಲ್ಲಿ ಮುಗಿಯಿತು. ಗೆದ್ದವರು ಆರು ತಿಂಗಳು ಅಲ್ಲಿಯೇ ಇದ್ದು ಮನೆಗಳ ನೆಲವನ್ನು ಅಗೆದು ಹಣಕ್ಕಾಗಿ ಹುಡುಕಿದರೆಂದು ಫೆದೆರಿಚಿ ಹೇಳುತ್ತಾನೆ. ಚಿನ್ನಕ್ಕಾಗಿ ನೆಲವನ್ನೇ ಅಗೆದವರ ಕೈಯಲ್ಲಿ ಬಟ್ಟೆ ಉಳಿಯುವುದು ಕಷ್ಟ.

ಬಟ್ಟೆ ಉಳಿದ ಎಡೆಗಳನ್ನು ನೋಡಿದರೆ ಅಲ್ಲೆಲ್ಲ ದೇವರ ಅಥವಾ ಪವಿತ್ರ ವಸ್ತುವಿನ ರಕ್ಷಣೆ ಕಾಣುತ್ತದೆ. ವಿಜಾಪುರದ ಆಸಾರ್ ಮಹಲಿನಲ್ಲಿ ಪೈಗಂಬರರ ಪವಿತ್ರ ಕೂದಲೆಂದು ನಂಬಲಾದ ಅವಶೇಷವಿದ್ದುದರಿಂದ ಅಲ್ಲಿಯ ಹಳೆಯ ರತ್ನಗಂಬಳಿಗಳು ಉಳಿದು, ಈಗ ಗೋಲಗುಮ್ಮಟದ ಆವರಣದ ಸಂಗ್ರಹಾಲಯದಲ್ಲಿವೆ. ಹಳೆಯ ಗೋವೆಯ ಸಾಂತಾ ಮೋನಿಕಾ ಮಠದ ಕ್ರೈಸ್ತ ಕಲಾ ಸಂಗ್ರಹಾಲಯದಲ್ಲಿ ಪಾದ್ರಿಗಳ ಪೂಜಾವಸ್ತ್ರಗಳಿವೆ. ಇಟಲಿಯ ಮಖಮಲ್ಲು ಯುರೋಪಿನಲ್ಲಿ ಉಳಿದುದೂ ಬಹುಮಟ್ಟಿಗೆ ಚರ್ಚುಗಳ ಪೆಟ್ಟಿಗೆಗಳಲ್ಲಿಯೇ. ರಾಣಿಯರ ಉಡುಪು ಹಳತಾದಾಗ ಅದನ್ನು ಚರ್ಚಿಗೆ ಕೊಡುತ್ತಿದ್ದರು. ಅಲ್ಲಿ ಅದನ್ನು ಕತ್ತರಿಸಿ ಪೂಜಾವಸ್ತ್ರವಾಗಿ ಹೊಲಿಯುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪೆಟ್ಟಿಗೆಗಳು ತೆರೆದುವು. ಜರ್ಮನಿಯ ಆಖೆನ್ ನಗರದ ಪಾದ್ರಿ ಫ್ರಾಂಜ್ ಬೊಕ್ ಊರೂರು ತಿರುಗಿ ಹಳೆಯ ಪೂಜಾವಸ್ತ್ರಗಳನ್ನು ಕೂಡಿಹಾಕಿದನು. ಒಂದೇ ಬಟ್ಟೆಯನ್ನು ಕತ್ತರಿಸಿ ಬೇರೆ ಬೇರೆ ಸಂಗ್ರಹಾಲಯಗಳಿಗೆ ಮಾರಿದನು. ಕತ್ತರಿ ಬೊಕ್ ಎಂಬ ಅಡ್ಡಹೆಸರು ಅವನಿಗೆ ಬಿತ್ತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಸಂಗ್ರಹಾಲಯವೂ ಅವನಿಂದ ಕೊಂಡಿತು. ಅಂದು ಬೇರೆಯಾದ ಒಂದೇ ಬಟ್ಟೆಯ ತುಂಡುಗಳನ್ನು ಇಂದಿನ ಸಂಶೋಧಕರು ಛಾಯಾಚಿತ್ರಗಳಲ್ಲಿ ಮತ್ತೆ ಜೋಡಿಸುತ್ತಿದ್ದಾರೆ. ಜುಲಿಯೊ ಫ್ರಾಂಕೆತ್ತಿ ತನ್ನ ಸಂಗ್ರಹವನ್ನು 1906ರಲ್ಲಿ ಫ್ಲಾರೆನ್ಸಿನ ಬಾರ್ಜೆಲ್ಲೊ ಸಂಗ್ರಹಾಲಯಕ್ಕೆ ದಾನ ಮಾಡಿದನು. ಭಾರತದ ಬಟ್ಟೆಗೂ ಇದೇ ಕತ್ತರಿ ಬಿತ್ತು. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಇಲ್ಲಿಯ 700 ಬಟ್ಟೆಗಳ ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂಥ ಹಲವು ಪ್ರತಿಗಳನ್ನು ಮಾಡಿಸಿ, ಹೆಚ್ಚಿನವನ್ನು ಬ್ರಿಟನ್ನಿನ ಪಟ್ಟಣಗಳಿಗೆ ಹಂಚಿದನು. ಅಲ್ಲಿಯ ಗಿರಣಿಗಳು ಭಾರತದವರು ಏನನ್ನು ಉಡುತ್ತಾರೆಂಬುದನ್ನು ತಿಳಿದು ನೇಯಲಿ ಎಂಬುದು ಉದ್ದೇಶ. ಬೊಕ್ಕನ ಕತ್ತರಿಯ ಹಿಂದೆ ಹಳೆಯದರ ಮೋಹವಿತ್ತು, ವಾಟ್ಸನ್ನನ ಕತ್ತರಿಯ ಹಿಂದೆ ಮಾರುಕಟ್ಟೆಯ ಲೆಕ್ಕವಿತ್ತು. ಆದರೂ ಎರಡೂ ಸಂಗ್ರಹಗಳಿಗೆ ಚರಿತ್ರಕಾರನು ಋಣಿಯಾಗಿರಬೇಕಾದುದು ವಿಪರ್ಯಾಸ.

ಕನ್ನಡದಲ್ಲಿ ವಿಜಯನಗರದ ಚರಿತ್ರೆಯ ಚರ್ಚೆ ಚುರುಕಾದುದು ಇದಾದ ಮೇಲೆ. ಪಾಯೆಸ್, ನುನಿಜರ ಬರಹಗಳನ್ನು ದಾವಿದ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. 1900ರಲ್ಲಿ ರಾಬರ್ಟ್ ಸಿವೆಲ್ ಅವುಗಳನ್ನು ಇಂಗ್ಲಿಷಿಗೆ ತಂದರು. ಆಲೂರ ವೆಂಕಟರಾಯರ ಕರ್ನಾಟಕ ಗತವೈಭವ 1917ರಲ್ಲಿ ಬಂತು. ವಿಜಯನಗರದ ಆರುನೂರನೆಯ ವರ್ಷದ ಸ್ಮರಣಸಂಪುಟ 1936ರಲ್ಲಿ ಧಾರವಾಡದಿಂದಲೇ ಹೊರಬಿತ್ತು. ಆ ಪೀಳಿಗೆಗೆ ಪ್ರವಾಸಿಗರ ಪಟ್ಟಿಗಳು ವೈಭವದ ಸಾಕ್ಷ್ಯಗಳಾಗಿದ್ದವು. ಪರಕೀಯರ ಆಳಿಕೆಯಲ್ಲಿದ್ದ ಜನಕ್ಕೆ ಅದರ ಅಗತ್ಯವೂ ಇತ್ತು. ಚಿನ್ನ, ವಜ್ರ, ಮಖಮಲ್ಲು ಎಂದು ಒಂದೇ ಉಸಿರಿನಲ್ಲಿ ಹೇಳುವ ರೂಢಿ ಆಗ ಬಂದುದು ಇಂದಿಗೂ ಹೋಗಿಲ್ಲ. ಯಾವ ಮಖಮಲ್ಲು, ಯಾವ ಹಾದಿಯದು, ಯಾರ ಬೆವರಿಗೆ ಬದಲಾಗಿ ಬಂದುದು ಎಂಬ ಪ್ರಶ್ನೆಗಳು ಆ ಉಸಿರಿನಲ್ಲಿ ಕರಗಿಹೋದುವು.

ಶಬ್ದಗಳು ಮಾತ್ರ ಕೆಲವು ಉತ್ತರಗಳನ್ನು ಇಟ್ಟುಕೊಂಡಿವೆ. ಲ್ಯಾಟಿನ್ನಿನಲ್ಲಿ ನವಿರಿಗೆ ವಿಲ್ಲುಸ್ ಎಂದು ಹೆಸರು. ಇಟಲಿಯ ವೆಲ್ಲೂತೊ, ಪೋರ್ಚುಗೀಸರ ವೆಲೂದೊ, ಇಂಗ್ಲಿಷಿನ ವೆಲ್ವೆಟ್ ಅದರಿಂದ ಬಂದವು. ಅರಬ್ಬಿಯಲ್ಲಿ ನವಿರಿಗೆ ಖಮ್ಲ್. ಮಖಮಲ್ಲು ಅಲ್ಲಿಂದ ಬಂತು. ಎರಡೂ ಕಡೆಯವರು ಬಟ್ಟೆಯನ್ನು ಅದರ ರೋಮದಿಂದಲೇ ಗುರುತಿಸಿದರು. ಗೋವೆಯ ಪೋರ್ಚುಗೀಸರಿಂದ ಕನ್ನಡ ಚಾವಿಯನ್ನು ಪಡೆಯಿತು, ಅಲಮಾರನ್ನು ಪಡೆಯಿತು, ಬಟಾಟೆಯನ್ನೂ ಇಸ್ತ್ರಿಯನ್ನೂ ಪಡೆಯಿತು. ವೆಲೂದೊ ಎಂಬ ಮಾತನ್ನು ಪಡೆಯಲಿಲ್ಲ. ಬಟ್ಟೆ ಗೋವೆಯಿಂದ ಬರತೊಡಗಿದಾಗ ಅದಕ್ಕೆ ಈ ನಾಡಿನಲ್ಲಿ ಆಗಲೇ ಹೆಸರಿತ್ತೆಂಬ ಊಹೆಗೆ ಇದು ಎಡೆಗೊಡುತ್ತದೆ. ಮುಂದೆ ವಿಜಾಪುರದ, ಮೊಗಲರ, ಮರಾಠರ ಆಡಳಿತದಲ್ಲಿ ಪಾರಸಿ ಶಬ್ದಗಳು ಧಾರಾಳವಾಗಿ ಬಂದುದರಿಂದ ಈ ಒಂದು ಪದದ ಮೇಲೆ ಹೆಚ್ಚಿನ ಭಾರವನ್ನು ಹೊರಿಸಬಾರದು ನಿಜ. ಆದರೆ ಪಾಯೆಸನ ಮೆಕ್ಕಾ ಮಖಮಲ್ಲಿನ ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಕೆಂಪು ಸಮುದ್ರದ ಕಡೆಗೇ ಕೈತೋರಿಸುತ್ತವೆ. ಉಣ್ಣೆಯ ನವಿರುಬಟ್ಟೆಗೆ ಕನ್ನಡದಲ್ಲಿರುವ ಸಕಲಾತಿ ಎಂಬ ಮಾತಿಗೂ ಫೆದೆರಿಚಿಯ ಪಟ್ಟಿಯ ಕಡುಗೆಂಪು ಬಟ್ಟೆಯ ಯುರೋಪಿನ ಹೆಸರಿಗೂ ಬಾದರಾಯಣವಲ್ಲದ, ನಿಜವಾದ ಸಂಬಂಧವಿದೆಯೆಂದು ಭಾಷಾವಿದರು ಹೇಳುತ್ತಾರೆ.

ಕಬಾಯಿ ಹಳೆಯ ಕಾವ್ಯ ಶಾಸನಗಳ ಪುಟಗಳಿಗೆ ಸರಿಯಿತು. ಕುಲಾವಿ ಬದುಕಿದೆ. ಧಾರವಾಡ, ಹುಬ್ಬಳ್ಳಿಗಳ ಮನೆಗಳಲ್ಲಿ ಅದು ಕೂಸಿನ ತಲೆಗೆ ಹಾಕುವ ಟೊಪ್ಪಿಗೆ. ಕುಂಚಿಗೆಯ ಜೊತೆಗೆ ಅದರ ಹೆಸರೂ ಬರುತ್ತದೆ. ಗುಳೇದಗುಡ್ಡದ ಖಣದಿಂದ ಅದನ್ನು ಹೊಲಿಯುವುದುಂಟು. ಉಳ್ಳವರು ಅಂಚಿಗೆ ಜರಿಯನ್ನು ಹಚ್ಚುತ್ತಾರೆ. ನುನಿಜ್ ಕಂಡ ಅರಸನು ಒಮ್ಮೆ ತೆಗೆದ ಕುಲಾಯಿಯನ್ನು ಮತ್ತೆ ತಲೆಗಿಡುತ್ತಿರಲಿಲ್ಲ. ಧಾರವಾಡದ ಮನೆಯಲ್ಲಿ ಒಂದು ಕೂಸಿಗೆ ಸಣ್ಣದಾದ ಕುಲಾವಿಯನ್ನು ತೊಳೆದು ಮಡಿಚಿ ಪೆಟ್ಟಿಗೆಯಲ್ಲಿಡುತ್ತಾರೆ. ಮುಂದಿನ ಕೂಸಿಗೆ ಅದು ಬೇಕಾಗುತ್ತದೆ.